ಮಲಪ್ರಭಾ ಕಣಿವೆಯ ಕಾಡುನೆಲ: ವೈಮಾನಿಕ ಛಾಯಾಚಿತ್ರ ಮತ್ತು ಸ್ಥಳನಾಮಗಳ ಜೋಡಿ ಓದು

ಕನ್ನಡದ ತಿರುಳು ಯಾವ ನೆಲದಲ್ಲಿದೆ ಎಂಬುದನ್ನು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ನೆಲೆಗಳನ್ನು ಹೆಸರಿಸುತ್ತದೆ. ಇವುಗಳಲ್ಲಿ ಒಕ್ಕುಂದವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಈ ಪದ್ಯದ ಬಗೆಗೆ ಭಾಷಿಕ ನೆಲೆಯಿಂದ ನಡೆದಿರುವ ಚರ್ಚೆ ವಿಪುಲವಾದುದು. ಆದರೆ ಆ ನೆಲೆಗಳ ನಡುವಣ ನೆಲ ಹೇಗಿತ್ತು, ಎಷ್ಟು ಭಾಗ ಅಡವಿಯಾಗಿತ್ತು, ಎಷ್ಟು ಭಾಗ ಉಳುಮೆಗೆ ಒಳಗಾಗಿತ್ತು ಎಂಬ ಪ್ರಶ್ನೆಯನ್ನು ಕನ್ನಡ ಸಂಶೋಧನೆ ವಿರಳವಾಗಿ ಎತ್ತಿಕೊಂಡಿದೆ. ಈ ಪ್ರಶ್ನೆಗೆ ಇಂದು ಉತ್ತರ ಹೇಳುತ್ತಿರುವವರು ಭೂಗೋಳಶಾಸ್ತ್ರಜ್ಞರು ಮತ್ತು ದೂರಸಂವೇದಿ ತಜ್ಞರು. ಅವರ ಮುಖ್ಯ ಸಾಧನ ಮೇಲಿನಿಂದ ತೆಗೆದ ಚಿತ್ರ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಕಾಡುನೆಲದ ಮೇಲೆ ಮನುಷ್ಯ ಮಾಡಿದ ಕದಡನ್ನು ಗುರುತಿಸುವಲ್ಲಿ ಆ ಚಿತ್ರ ಎಷ್ಟರಮಟ್ಟಿಗೆ ಸಾಕಾಗುತ್ತದೆ, ಎಲ್ಲಿ ಅದಕ್ಕೆ ಶಾಸನ ಮತ್ತು ಸ್ಥಳನಾಮಗಳ ನೆರವು ಅನಿವಾರ್ಯವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಸ್ವರೂಪ

ಈ ನಾಲ್ಕು ತಾಲ್ಲೂಕುಗಳು ಒಂದೇ ಬಗೆಯ ನೆಲವಲ್ಲ. ಪಶ್ಚಿಮದ ಕಿತ್ತೂರು ಸಹ್ಯಾದ್ರಿಯ ಮಳೆನಾಡಿಗೆ ಅಂಟಿಕೊಂಡಿದೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಬೈಲಹೊಂಗಲದ ಎರೆಯ ಬಯಲು ತೆರೆದುಕೊಳ್ಳುತ್ತದೆ. ಸವದತ್ತಿ, ರಾಮದುರ್ಗಗಳಲ್ಲಿ ಮರಳುಗಲ್ಲು ಮತ್ತು ಬೆಣಚುಕಲ್ಲಿನ ಗುಡ್ಡಸಾಲುಗಳು ಏಳುತ್ತವೆ. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹವೆಂದು ಕರೆಯುವ ಈ ಬಂಡೆಗಳ ಪದರಗಳಿಗೆ ರಾಮದುರ್ಗದ ಹೆಸರೂ ಸವದತ್ತಿಯ ಹೆಸರೂ ಸಂದಿವೆ. ಸ್ಥಳನಾಮವೊಂದು ಶಾಸ್ತ್ರದ ಪರಿಭಾಷೆಯಾಗಿ ಲೋಕದ ಭೂವಿಜ್ಞಾನಕ್ಕೆ ಸೇರಿದ ಈ ಸಂಗತಿ ನಾಮಶಾಸ್ತ್ರದ ವಿದ್ಯಾರ್ಥಿಗಳಿಗೆ ಆಸಕ್ತಿಯದಾಗಬಹುದು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಗುಡ್ಡಸಾಲನ್ನು ನವಿಲುತೀರ್ಥದ ಬಳಿ ಸೀಳಿಕೊಂಡು ಹೊರಬೀಳುತ್ತದೆ.

ಆಡಳಿತದ ದೃಷ್ಟಿಯಿಂದಲೂ ಇದು ಒಡೆದ ನೆಲ. ಶಾಸನಗಳ ಕಾಲದಲ್ಲಿ ಈ ಪ್ರದೇಶವು ರಟ್ಟರ ಕುಂಡಿ ಮೂರು ಸಾವಿರ, ತೊರಗಲೆ ಆರು ಸಾವಿರ, ಹಲಸಿಗೆ ಹನ್ನೆರಡು ಸಾವಿರ ಎಂಬ ವಿಭಾಗಗಳಲ್ಲಿ ಹಂಚಿಹೋಗಿತ್ತು. ಬ್ರಿಟಿಷರ ಕಾಲದಲ್ಲಿ ಸವದತ್ತಿ ಮತ್ತು ಸಂಪಗಾವಿ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದಲ್ಲಿದ್ದರೆ ರಾಮದುರ್ಗ ಒಂದು ಪ್ರತ್ಯೇಕ ಸಂಸ್ಥಾನ. ತೊರಗಲ್ಲು ಕೊಲ್ಹಾಪುರಕ್ಕೆ ಸೇರಿದ ಜಹಗೀರು. 1948ರ ವಿಲೀನದವರೆಗೆ ಒಂದೇ ಗುಡ್ಡಸಾಲಿನ ಎರಡು ಮಗ್ಗುಲುಗಳ ಮರಕ್ಕೆ ಎರಡು ಬೇರೆ ದಫ್ತರಗಳು. ಆದುದರಿಂದ ಇಲ್ಲಿನ ಕಾಡಿನ ಕಥೆಯನ್ನು ಕೇವಲ ಕಾಗದಪತ್ರಗಳಿಂದ ಜೋಡಿಸಹೊರಟವರಿಗೆ ನಡುನಡುವೆ ಹರಿದ ಪುಟಗಳು ಸಿಗುತ್ತವೆ. ಮೇಲಿನಿಂದ ತೆಗೆದ ಚಿತ್ರಕ್ಕೆ ಈ ಗಡಿಗಳಿಲ್ಲ. ಅದರ ಮೊದಲ ಉಪಯುಕ್ತತೆ ಇದು.

ಚಿತ್ರವನ್ನು ಓದುವ ಬಗೆ

ಕಾಡನ್ನು ಆಕಾಶದಿಂದ ಅಳೆಯುವ ಪ್ರಯತ್ನ ಹೊಸದಲ್ಲ. 1924ರಲ್ಲಿ ಬರ್ಮಾದ ಐರಾವತಿ ಮುಖಜಭೂಮಿಯ ಅರಣ್ಯವನ್ನು ವಿಮಾನದಿಂದ ಚಿತ್ರಿಸಿ ನಕ್ಷೆ ಮಾಡಲಾಯಿತು. ಇಂಗ್ಲೆಂಡಿನಲ್ಲಿ ಕ್ರಾಫರ್ಡ್ ಅದೇ ದಶಕದಲ್ಲಿ ವೈಮಾನಿಕ ಛಾಯಾಚಿತ್ರಗಳಿಂದ ಪ್ರಾಚೀನ ಹೊಲಗಳ ಮೇರೆಗಳನ್ನು ಗುರುತಿಸಿದನು. ಭಾರತದಲ್ಲಿ ಛಾಯಾಚಿತ್ರಗಳ ಅರ್ಥೈಸುವಿಕೆಗೆ ತರಬೇತಿ ನೀಡುವ ಸಂಸ್ಥೆ 1966ರಲ್ಲಿ ಡೆಹರಾಡೂನಿನಲ್ಲಿ ಆರಂಭವಾಯಿತು.

ತಂತ್ರದ ಮೂಲತತ್ವ ಸರಳವಾದುದು. ಕ್ಯಾಮರಾದ ನಾಭಿದೂರವನ್ನು ವಿಮಾನದ ಎತ್ತರದಿಂದ ಭಾಗಿಸಿದರೆ ಚಿತ್ರದ ಪ್ರಮಾಣ ದೊರೆಯುತ್ತದೆ. 152 ಮಿಲಿಮೀಟರ್ ನಾಭಿದೂರದ ಕ್ಯಾಮರಾವನ್ನು ನೆಲದಿಂದ 3,040 ಮೀಟರ್ ಎತ್ತರದಲ್ಲಿ ಒಯ್ದರೆ 1:20,000 ಪ್ರಮಾಣದ ಚಿತ್ರ ಬರುತ್ತದೆ. 23 ಸೆಂಟಿಮೀಟರ್ ಚೌಕದ ಒಂದು ಚಿತ್ರ ಆಗ 4.6 ಕಿಲೋಮೀಟರ್ ಚೌಕದ ನೆಲವನ್ನು, ಅಂದರೆ ಸುಮಾರು 21 ಚದರ ಕಿಲೋಮೀಟರನ್ನು ಹಿಡಿಯುತ್ತದೆ. ಒಂದರ ಹಿಂದೊಂದು ತೆಗೆದ ಚಿತ್ರಗಳು ಶೇಕಡಾ 60ರಷ್ಟು ಪರಸ್ಪರ ಮೇಲ್ಹಾಯುವಂತೆ ನೋಡಿಕೊಳ್ಳುತ್ತಾರೆ. ಅಂತಹ ಜೋಡಿಯನ್ನು ಸ್ಟೀರಿಯೋಸ್ಕೋಪಿನ ಕೆಳಗಿಟ್ಟರೆ ಗುಡ್ಡ ಮೇಲೆದ್ದು ಕಾಣುತ್ತದೆ, ಕೊಳ್ಳ ತಗ್ಗಾಗಿ ಕಾಣುತ್ತದೆ. ಬಣ್ಣದ ಗಾಢತೆ, ಮೇಲ್ಮೈಯ ನಯ ಅಥವಾ ಒರಟು, ಆಕಾರ, ನೆರಳು, ವಿನ್ಯಾಸ ಇವೇ ಓದುಗನಿಗೆ ದೊರೆಯುವ ಅಕ್ಷರಗಳು. ಹಸ್ತಪ್ರತಿಯ ಲಿಪಿಯಂತೆ ಇವನ್ನೂ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ.

ಮನುಷ್ಯ ಮಾಡಿದ ಒಂದೊಂದು ಕದಡಿಗೂ ಒಂದೊಂದು ಗುರುತಿದೆ. ಕಲ್ಲಿನ ಖಣಿಯ ಅಂಚು ಚೂಪಾಗಿರುತ್ತದೆ, ಒಳಗೆ ಬೆಳ್ಳಗೆ ಹೊಳೆಯುತ್ತದೆ, ಒಂದು ಮಗ್ಗುಲಲ್ಲಿ ನೆರಳು ಬಿದ್ದಿರುತ್ತದೆ. ಮಳೆಗಾಲದ ನಂತರ ತಳದಲ್ಲಿ ನೀರಿನ ಕಪ್ಪು ಚುಕ್ಕೆ ಕಾಣುತ್ತದೆ. ಖಡಿ ಮಷಿನ್ ಇದ್ದಲ್ಲಿ ಸುತ್ತಲಿನ ಗಿಡಗಂಟಿಗಳ ಮೇಲೆ ಬೂದುಬಣ್ಣದ ಹೊದಿಕೆ ಇರುತ್ತದೆ. ಜನ ನಡೆದು ಮಾಡಿದ ಕಾಲುದಾರಿ ನೆಲದ ಏರಿಳಿತವನ್ನು ಅನುಸರಿಸಿ ಬಳುಕುವ ತೆಳುಗೆರೆ. ಯಂತ್ರ ಕೊರೆದ ದಾರಿ ಒಂದೇ ಅಗಲದ್ದು, ಅದರ ಕೆಳಮಗ್ಗುಲಲ್ಲಿ ಸುರಿದ ಮಣ್ಣು ಚೆಲ್ಲಾಡಿರುತ್ತದೆ. ಸವದತ್ತಿ ಭಾಗದ ಗುಡ್ಡದ ನೆತ್ತಿಗಳಲ್ಲಿ ಗಾಳಿಯಂತ್ರಗಳು ಬಂದ ಮೇಲೆ ಈ ಎರಡನೆಯ ಬಗೆಯ ಗೆರೆಗಳು ಹೆಚ್ಚಿವೆ. ಕಂಬದ ಬುಡದ ಸಮತಟ್ಟಾದ ಚೌಕ, ಅದನ್ನು ಮುಂದಿನ ಕಂಬಕ್ಕೆ ಕೂಡಿಸುವ ದಾರಿ, ನೆಲದ ಮೇಲೆ ಚಾಚಿದ ಉದ್ದನೆಯ ನೆರಳು ಇವುಗಳಿಂದ ಅವನ್ನು ತಪ್ಪದೆ ಗುರುತಿಸಬಹುದು. ಬೆಂಕಿ ಬಿದ್ದ ನೆಲ ಕಪ್ಪಾಗಿ ಕಾಣುತ್ತದೆ, ಒಂದು ಮಳೆಗಾಲ ಕಳೆದರೆ ಅಳಿಸಿಹೋಗುತ್ತದೆ.

ಮೋಸಹೋಗುವ ಸಂದರ್ಭಗಳೂ ಇವೆ. ಇಳಿಜಾರಿನಲ್ಲಿ ಒಂದರ ಕೆಳಗೊಂದು ಬಾಗಿದ ಗೆರೆಗಳು ಕಂಡರೆ ಅವನ್ನು ಪ್ರಾಚೀನ ಮೆಟ್ಟಿಲು ಹೊಲಗಳೆಂದು ಭಾವಿಸುವ ಆಸೆ ಹುಟ್ಟುವುದು ಸಹಜ. ಆದರೆ ಮುಂಬಯಿ ಪ್ರಾಂತ್ಯದಲ್ಲಿ 1942ರ ಭೂಸುಧಾರಣಾ ಯೋಜನೆಗಳ ಕಾಯಿದೆಯ ನಂತರ ಒಣಬೇಸಾಯದ ತಾಲ್ಲೂಕುಗಳಲ್ಲಿ ಸಮಪಾತಳಿ ಒಡ್ಡುಗಳನ್ನು ವ್ಯಾಪಕವಾಗಿ ಹಾಕಲಾಯಿತು. ಇಂತಹ ಗೆರೆಯನ್ನು ರಟ್ಟರ ಕಾಲಕ್ಕೆ ಒಯ್ಯುವ ಮೊದಲು ಆ ಒಡ್ಡುಗಳನ್ನು ನೆನೆಯುವುದು ಒಳಿತು. ಋತುವಿನ ಮೋಸ ಇನ್ನೂ ದೊಡ್ಡದು. ಕಿತ್ತೂರಿನ ಪಶ್ಚಿಮದ ಎಲೆಯುದುರುವ ಕಾಡು ಮಾರ್ಚ್ ಏಪ್ರಿಲ್ ತಿಂಗಳುಗಳ ಚಿತ್ರದಲ್ಲಿ ಬೋಳಾಗಿ ಕಾಣುತ್ತದೆ. ಅಕ್ಟೋಬರಿನ ಚಿತ್ರದಲ್ಲಿ ಬೈಲಹೊಂಗಲದ ಬೆಳೆಯ ಹೊಲವೂ ಸವದತ್ತಿಯ ಕಂಟಿಯೂ ಒಂದೇ ಹಸಿರು. ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಕಾಡು ಹೋಯಿತೆಂದೋ ಬಂದಿತೆಂದೋ ಬರೆಯುವುದು ಒಂದೇ ಹಸ್ತಪ್ರತಿಯಿಂದ ಗ್ರಂಥಸಂಪಾದನೆ ಮಾಡಿದಂತೆ.

ಚಿತ್ರ ತೋರಿಸಲಾರದ ಕದಡೂ ಇದೆ. ತಲೆಹೊರೆಯ ಸೌದೆ, ದನಕುರಿಗಳ ಮೇವು ಕಾಡನ್ನು ಅಂಚಿನಿಂದ ಕತ್ತರಿಸುವುದಿಲ್ಲ, ಒಳಗಿನಿಂದ ತೆಳುಮಾಡುತ್ತವೆ. ಆ ತೆಳುವಾಗುವಿಕೆಗೆ ಗೆರೆಯಿಲ್ಲ, ಆಕಾರವಿಲ್ಲ. ಗುರುತು ಬಿಡದ ಈ ಬಳಕೆಯ ಪ್ರಮಾಣವನ್ನು ಚಿತ್ರದಿಂದ ನಿರ್ಧರಿಸಲಾಗದು. ಹೀಗಿರುವಾಗ ಗುಡ್ಡ ಬೋಳಾದುದಕ್ಕೆ ಕುರುಬರನ್ನೋ ಸೌದೆ ಹೊರುವ ಹೆಣ್ಣುಮಕ್ಕಳನ್ನೋ ಹೊಣೆಮಾಡುವ ವಾಕ್ಯಗಳನ್ನು ನಕ್ಷೆಯ ಬಲದಿಂದ ಬರೆಯುವಂತಿಲ್ಲ.

ಕಂಟಿ, ಮಡ್ಡಿ, ಅಡವಿ

ವರ್ಗೀಕರಣದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. 1987ರಿಂದ ದೇಶದ ಅರಣ್ಯ ಸ್ಥಿತಿಯ ವರದಿಗಳನ್ನು ಪ್ರಕಟಿಸುತ್ತಿರುವ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಮರಗಳ ಮೇಲ್ಛಾವಣಿ ನೆಲದ ಶೇಕಡಾ 10 ಅಥವಾ ಅದಕ್ಕೂ ಹೆಚ್ಚು ಭಾಗವನ್ನು ಮುಚ್ಚಿದ ನೆಲವನ್ನು ಅರಣ್ಯಹೊದಿಕೆ ಎನ್ನುತ್ತದೆ. ಮರ ಯಾವುದು, ನೆಲ ಯಾರದು ಎಂಬ ವಿಚಾರ ಅಲ್ಲಿಲ್ಲ. ಶೇಕಡಾ 40ರವರೆಗೆ ವಿರಳ ಕಾಡು, 70ರವರೆಗೆ ಮಧ್ಯಮ ದಟ್ಟ, ಅದರಾಚೆಗೆ ಅತಿ ದಟ್ಟ. ಶೇಕಡಾ 10ಕ್ಕಿಂತ ಕಡಿಮೆಯಾದರೆ ಅದು ಕುರುಚಲು, ಅರಣ್ಯಹೊದಿಕೆಯ ಲೆಕ್ಕಕ್ಕೆ ಹೊರಗು.

ಈ ಅಳತೆಯಂತೆ ಒಂದು ನೀಲಗಿರಿ ನೆಡುತೋಪು ಕಾಡಾಗುತ್ತದೆ. ಎಲ್ಲಮ್ಮನ ಗುಡ್ಡದ ಸುತ್ತಲಿನ ಅಥವಾ ರಾಮದುರ್ಗದ ಮುಳ್ಳೂರು ಕಡೆಯ ಕಲ್ಲುಗುಡ್ಡಗಳ ಬಹುಭಾಗ ಕಾಡಾಗುವುದಿಲ್ಲ. ನೆಡುತೋಪಿಗಾಗಿ ತೋಡಿದ ಸಾಲುಕಂದಕಗಳು ಚಿತ್ರದಲ್ಲಿ ಹೊಲಿಗೆಯ ಗೆರೆಗಳಂತೆ ಎದ್ದು ಕಾಣುತ್ತವೆ. ನೆಲವನ್ನು ನಿಜವಾಗಿ ಕದಡಿದ್ದು ಅವು. ಆದರೂ ನಕ್ಷೆಯ ಭಾಷೆಯಲ್ಲಿ ಅದು ಸುಧಾರಣೆ, ಕದಡದೆ ಉಳಿದ ಕಂಟಿಯ ನೆಲ ಮಾತ್ರ ಹಾಳುಭೂಮಿ. ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಇಂತಹದೇ ಕುರುಚಲು ಗುಡ್ಡಗಳನ್ನು ಚಿಂಕಾರಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಈ ನೆಲವನ್ನು ಹಾಳೆಂದು ಕರೆಯುವುದು ಎಷ್ಟು ಸರಿ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಈ ಭಾಗದ ಆಡುಗನ್ನಡ ಇಷ್ಟು ಬಡವಾಗಿಲ್ಲ. ಎರಿ, ಮಸಾರಿ, ಮಡ್ಡಿ, ಮರಡಿ, ಹಕ್ಕಲ, ಕಂಟಿ, ಕೊಳ್ಳ, ಗಾಯರಾಣ, ಅಡವಿ ಎಂಬ ಮಾತುಗಳು ಮಣ್ಣು, ಇಳಿಜಾರು, ಗಿಡ, ಬಳಕೆಯ ಹಕ್ಕು ಇವುಗಳನ್ನು ಬೇರೆಬೇರೆಯಾಗಿ ಹಿಡಿಯುತ್ತವೆ. ಮಡ್ಡಿಯು ಮರ ಕಳೆದುಕೊಂಡ ಅಡವಿಯಲ್ಲ, ಅದು ಮಡ್ಡಿಯೇ. ಗಾಯರಾಣವೆಂದರೆ ಊರ ದನ ಮೇಯುವ ನೆಲ. ಅದನ್ನು ಚಿತ್ರದಲ್ಲಿ ಕಂಟಿಯಿಂದ ಬೇರ್ಪಡಿಸಲು ಬರುವುದಿಲ್ಲ, ಊರವರನ್ನು ಕೇಳಿದರೆ ಒಂದು ಮಾತಿನಲ್ಲಿ ಬೇರ್ಪಡುತ್ತದೆ. ನಕ್ಷೆಯ ಸೂಚಿಯನ್ನು ಕನ್ನಡಕ್ಕೆ ಅನುವಾದಿಸಿದರೆ ಸಾಲದು, ಈ ಪದಗಳಿಂದಲೇ ಸೂಚಿಯನ್ನು ಕಟ್ಟಬೇಕು.

ಇದು ಬರಿಯ ಪರಿಭಾಷೆಯ ಚರ್ಚೆಯಲ್ಲ. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಅರಣ್ಯವೆಂಬ ಶಬ್ದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕೆಂದು ಹೇಳಿತು. ಒಂದು ಶಬ್ದಾರ್ಥದ ತೀರ್ಮಾನದಿಂದ ಲಕ್ಷಾಂತರ ಹೆಕ್ಟೇರುಗಳ ಸ್ಥಿತಿ ಬದಲಾಯಿತು. ಕರ್ನಾಟಕದಲ್ಲಿ ಪರಿಭಾವಿತ ಅರಣ್ಯವೆಂದು ಮೊದಲು ಗುರುತಿಸಿದ್ದ ಸುಮಾರು 9.94 ಲಕ್ಷ ಹೆಕ್ಟೇರು 2022ರ ಅಧಿಸೂಚನೆಯಲ್ಲಿ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಯಿತು. ಪಟ್ಟಿಯಿಂದ ಹೊರಗುಳಿದ ಕಲ್ಲುಗುಡ್ಡ ಖಣಿಗೆ ಸುಲಭವಾಗಿ ಸಿಗುತ್ತದೆ. ಶಬ್ದಾರ್ಥವನ್ನು ವೃತ್ತಿಯಾಗಿ ಉಳ್ಳ ಕನ್ನಡ ವಿಭಾಗಗಳಿಗೆ ಈ ಚರ್ಚೆಯಲ್ಲಿ ಸ್ಥಾನವಿಲ್ಲದಿರುವುದು ಸೋಜಿಗದ ಸಂಗತಿ.

ಹೆಸರಿನ ಸಾಕ್ಷ್ಯ

ಎಡೆಗಳ ಹೆಸರುಗಳಿಂದ ನಾಡಿನ ಚರಿತ್ರೆಯನ್ನು ಬಿಡಿಸಬಹುದೆಂದು ತೋರಿಸಿದ ಶಂ. ಬಾ. ಜೋಶಿಯವರು ಹುಟ್ಟಿದ್ದು ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ. ಅವರ ‘ಎಡೆಗಳು ಹೇಳುವ ಕಂನಾಡ ಕಥೆ’ ಜನಾಂಗ ಮತ್ತು ಭಾಷೆಯ ಚಲನೆಯನ್ನು ಹುಡುಕಿತು. ಅದೇ ವಿಧಾನವನ್ನು ನೆಲದ ಹೊದಿಕೆಯ ಪ್ರಶ್ನೆಗೆ ತಿರುಗಿಸಿಕೊಳ್ಳುವುದು ಸಾಧ್ಯ.

ಬೈಲಹೊಂಗಲ ಎಂಬ ಹೆಸರಿನ ಪೂರ್ವಪದ ಬಯಲು. ಸವದತ್ತಿ ತಾಲ್ಲೂಕಿನಲ್ಲಿ ಇನಾಮಹೊಂಗಲವಿದೆ. ಒಂದು ಹೊಂಗಲವನ್ನು ನೆಲದ ಸ್ವರೂಪದಿಂದಲೂ ಇನ್ನೊಂದನ್ನು ಭೂಹಿಡುವಳಿಯ ಬಗೆಯಿಂದಲೂ ಬೇರ್ಪಡಿಸಿದ್ದಾರೆ. ಬಯಲೆಂಬುದು ಗುರುತಿಗೆ ಸಾಕಾಗುವಷ್ಟು ವಿಶಿಷ್ಟವಾಗಿತ್ತು ಎಂಬುದು ಇದರ ಸೂಚನೆ. ಸಂಪಗಾವಿಯಲ್ಲಿ ಸಂಪಗೆಯೂ ಹುಣಸೀಕಟ್ಟಿಯಲ್ಲಿ ಹುಣಸೆಯೂ ಉಳಿದಿವೆ. ಆದರೆ ಇಲ್ಲಿ ಎಚ್ಚರಿಕೆ ಅಗತ್ಯ. ಸವದತ್ತಿ ತಾಲ್ಲೂಕಿನ ಹೂಲಿಯನ್ನು ಹುಲಿಗೆ ಜೋಡಿಸಿ ದಟ್ಟಾರಣ್ಯವನ್ನು ಕಲ್ಪಿಸುವವರಿದ್ದಾರೆ. ಶಾಸನಗಳಲ್ಲಿ ಈ ಊರಿನ ರೂಪ ಪೂಲಿ. ಮೊದಲ ಸ್ವರ ದೀರ್ಘವಾಗಿರುವಾಗ ಪುಲಿ ಶಬ್ದವನ್ನು ಅಲ್ಲಿ ತರುವಂತಿಲ್ಲ. ಹೂಲಿ ಮಹಾಜನರ ಅಗ್ರಹಾರವಾಗಿ ಮೆರೆದ ಊರು. ಸುತ್ತ ಹಬ್ಬಿದ ಹೊಲಗದ್ದೆ ತೋಟಗಳಿಲ್ಲದೆ ಅಂತಹ ಅಗ್ರಹಾರ ನಿಲ್ಲುವುದೂ ಇಲ್ಲ.

ಊರ ಹೆಸರಿಗಿಂತ ಹೊಲದ ಹೆಸರು, ಹಳ್ಳದ ಹೆಸರು ಈ ಕೆಲಸಕ್ಕೆ ಹೆಚ್ಚು ನಂಬಿಕೆಗೆ ಅರ್ಹ. ದಾನಶಾಸನಗಳ ಸೀಮಾವರ್ಣನೆ ಇವುಗಳ ಹಳೆಯ ಭಂಡಾರ. ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳಲ್ಲಿ ಹೆಬ್ಬಟ್ಟೆ, ಹಳ್ಳ, ಮೊರಡಿ, ನಟ್ಟ ಕಲ್ಲು, ಒಂದು ಆಲ, ಒಂದು ಹುಣಸೆ ಎಂದು ಶಾಸನಕಾರ ನೆಲವನ್ನು ಸುತ್ತುತ್ತಾನೆ. ಮತ್ತರು, ಕಮ್ಮಗಳ ಲೆಕ್ಕ ಕೊಡುತ್ತಾನೆ. ಶಾಸನಾಧ್ಯಯನದಲ್ಲಿ ರಾಜವಂಶದ ಭಾಗಕ್ಕೆ ದೊರೆತಷ್ಟು ಗಮನ ಈ ಭಾಗಕ್ಕೆ ದೊರೆತಿಲ್ಲ. ಫ್ಲೀಟ್ 19ನೆಯ ಶತಮಾನದಲ್ಲಿ ಪ್ರಕಟಿಸಿದ ಸವದತ್ತಿಯ ರಟ್ಟ ಶಾಸನಗಳು, ಎಪಿಗ್ರಾಫಿಯಾ ಇಂಡಿಕಾದ 18ನೆಯ ಸಂಪುಟದಲ್ಲಿ ಬಾರ್ನೆಟ್ ಸಂಪಾದಿಸಿದ ಹೂಲಿಯ ಶಾಸನಗಳು, ಮುಂಬಯಿ ಕರ್ನಾಟಕದ ಶಾಸನ ಸಂಪುಟಗಳು, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು ಎಲ್ಲವೂ ಕೈಗೆಟಕುವಂತಿವೆ. ಅವುಗಳಲ್ಲಿನ ಮೇರೆಗಳನ್ನು ಸರ್ವೇಕ್ಷಣ ಇಲಾಖೆಯ ನಕ್ಷೆಗಳ ಮೇಲೆ ಇಟ್ಟು ನೋಡುವುದು ಮೊದಲ ಹೆಜ್ಜೆ. ಈ ಪ್ರದೇಶದ ಬಹುಭಾಗ 48 ಐ ಮತ್ತು 48 ಎಂ ಹಾಳೆಗಳಲ್ಲಿ ಬರುತ್ತದೆ. 75 ಡಿಗ್ರಿ ಪೂರ್ವ ರೇಖಾಂಶ ಬೈಲಹೊಂಗಲ ಮತ್ತು ಸವದತ್ತಿ ಪಟ್ಟಣಗಳ ನಡುವೆ ಹಾದು ಆ ಎರಡು ಹಾಳೆಗಳನ್ನು ಬೇರ್ಪಡಿಸುತ್ತದೆ.

ಜೋಡಿ ಓದಿನ ಫಲ ಕೊಳ್ಳಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಬಿಳಿಚಿದ ಬೆಣಚುಗುಡ್ಡಗಳ ನಡುವೆ ಕೊಳ್ಳಗಳು ಕಪ್ಪು ನೂಲಿನಂತೆ ಹರಿದಿರುತ್ತವೆ. ಅಲ್ಲಿ ಮರಗಳಿವೆ. ಬಂಡೆಯ ಬಿರುಕಿನಲ್ಲಿ ಜಿನುಗುವ ನೀರು ಅದಕ್ಕೆ ಕಾರಣವೆಂದು ಭೂವಿಜ್ಞಾನ ಹೇಳುತ್ತದೆ, ಅದು ನಿಜ. ಆದರೆ ಹೆಸರುಗಳನ್ನು ಜೊತೆಗಿಟ್ಟರೆ ಇನ್ನೊಂದು ಅಂಶ ಹೊಳೆಯುತ್ತದೆ. ಸುರೇಬಾನದ ಬಳಿಯ ಶಬರಿಕೊಳ್ಳ, ಸೋಮೇಶ್ವರನ ಸನ್ನಿಧಿಯ ಸೊಗಲದ ಜಲಪಾತ, ನವಿಲುತೀರ್ಥ ಇವೆಲ್ಲ ದೈವ ಸೇರಿದ ನೀರಿನ ನೆಲೆಗಳು. ಮರ ಉಳಿದಿರುವುದಕ್ಕೆ ನೀರು ಕಾರಣವಾದಂತೆ ಕೊಡಲಿ ಬೀಳದಿದ್ದುದೂ ಕಾರಣ. ಎಲ್ಲಮ್ಮನ ಗುಡ್ಡದಲ್ಲಿ ಇದೇ ಭಕ್ತಿ ಬೇರೆಯ ರೂಪ ತಾಳಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಚಕ್ಕಡಿ ಹೂಡಿಕೊಂಡು ಬಂದ ಜನರ ದಾರಿಗಳು ಎಲ್ಲ ದಿಕ್ಕುಗಳಿಂದ ಗುಡ್ಡದ ಕಡೆಗೆ ಕೂಡುತ್ತವೆ. ಅವರ ಒಲೆಗಳಿಗೆ ಸೌದೆ ಬೇಕಾಗಿತ್ತು. 2024ರಲ್ಲಿ ಈ ಕ್ಷೇತ್ರದ ಪ್ರವಾಸೋದ್ಯಮ ಅಭಿವೃದ್ಧಿಗೆ ಕೇಂದ್ರದಿಂದ 100 ಕೋಟಿ ರೂಪಾಯಿಗಳ ಯೋಜನೆ ಮಂಜೂರಾಗಿದೆ. ಕಟ್ಟಡ ಮೇಲೇಳುವ ಮುನ್ನ ಗುಡ್ಡದ ಹಳೆಯ ದಾರಿಗಳನ್ನೂ ಹೆಸರುಗಳನ್ನೂ ನಕ್ಷೆಗೆ ಇಳಿಸಿಕೊಳ್ಳಲು ಹೆಚ್ಚು ಕಾಲಾವಕಾಶವಿಲ್ಲ.

ಕಿತ್ತೂರಿನ ಕಡೆ ಸಾಕ್ಷ್ಯದ ಬಗೆ ಬೇರೆ. ದೇಗಾವಿಯ ಕಮಲನಾರಾಯಣ ದೇವಾಲಯ 12ನೆಯ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ್ದು. ಇಂದು ಕಾಡಂಚೆನಿಸುವ ಈ ಎಡೆ ಆಗ ಅಗ್ರಹಾರ. 1824ರ ಕಿತ್ತೂರಿನ ಯುದ್ಧದ ನಂತರ ಸಂಗೊಳ್ಳಿ ರಾಯಣ್ಣನಿಗೆ ಆಸರೆಯಾದ ಅಡವಿಯನ್ನು ಲಾವಣಿಗಳು ನೆನೆಯುತ್ತವೆ. ಅಂದರೆ ಕಾಡು ಒಮ್ಮುಖವಾಗಿ ಹಿಂದೆ ಸರಿದಿಲ್ಲ, ಮುಂದೆಯೂ ಬಂದಿರಬಹುದು. ಬಿದ್ದ ಕಟ್ಟಡದ ಮೇಲೆ ಬೆಳೆದ ಮರಗಳನ್ನು ಆದಿಮ ಅರಣ್ಯವೆಂದು ಗುರುತಿಸುವ ನಕ್ಷೆಯನ್ನು ತಿದ್ದುವ ಶಕ್ತಿ ಶಾಸನಕ್ಕಿದೆ.

ನವಿಲುತೀರ್ಥದ ಹಿನ್ನೀರು

ಈ ತಾಲ್ಲೂಕುಗಳ ನೆಲದ ಮೇಲಾದ ಅತಿ ದೊಡ್ಡ ಕದಡು ರೇಣುಕಾಸಾಗರ. 1972ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ ಅಡಿ, ಗರಿಷ್ಠ ಮಟ್ಟ 2,079.50 ಅಡಿ. ಅದೇ 1972ರ ಜುಲೈಯಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಕಕ್ಷೆ ಸೇರಿತು. ಉಪಗ್ರಹ ನೋಡತೊಡಗುವ ಹೊತ್ತಿಗೆ ಕಣಿವೆಗೆ ಅಣೆಕಟ್ಟು ಬಂದಾಗಿತ್ತು. ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡ ಅಧ್ಯಯನಗಳಿಗೆ ಈ ಜಲಾಶಯ ಮೊದಲಿನಿಂದಲೂ ಇದ್ದ ಕೆರೆಯಂತೆ ತೋರುತ್ತದೆ. ಮೇಲಾಗಿ ಆ ಮೊದಲ ಚಿತ್ರಗಳ ಒಂದು ಬಿಂದು ಸುಮಾರು 80 ಮೀಟರ್ ಚೌಕ. ಒಂದು ಎಕರೆಯ ಖಣಿ ಅದರೊಳಗೆ ಮುಳುಗಿಹೋಗುತ್ತದೆ. 2005ರ ಕಾರ್ಟೋಸ್ಯಾಟ್-1 ಉಪಗ್ರಹದ ಚಿತ್ರಗಳ ಸ್ಪಷ್ಟತೆ 2.5 ಮೀಟರ್.

ಆದುದರಿಂದ 1972ಕ್ಕೆ ಹಿಂದಿನ ಚಿತ್ರಗಳಿಗೆ ವಿಶೇಷ ಬೆಲೆಯಿದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ವೈಮಾನಿಕ ಛಾಯಾಚಿತ್ರಗಳು ದೀರ್ಘಕಾಲ ರಕ್ಷಣಾ ಸಚಿವಾಲಯದ ನಿರ್ಬಂಧಕ್ಕೆ ಒಳಪಟ್ಟಿದ್ದವು. ಇನ್ನೊಂದು ಆಕರ ಅನಿರೀಕ್ಷಿತವಾದುದು. 1960ರಿಂದ 1972ರವರೆಗೆ ಅಮೆರಿಕ ಬೇಹುಗಾರಿಕೆಗಾಗಿ ತೆಗೆದ ಕೊರೋನಾ ಸರಣಿಯ ಚಿತ್ರಗಳ ಗೋಪ್ಯತೆಯನ್ನು 1995ರಲ್ಲಿ ತೆಗೆದುಹಾಕಲಾಯಿತು. ಅವುಗಳಲ್ಲಿ ಕೊನೆಯ ವರ್ಷಗಳವು ಸುಮಾರು ಎರಡು ಮೀಟರಿನ ವಿವರವನ್ನೂ ತೋರಿಸುತ್ತವೆ. ಶತ್ರುವಿನ ಕ್ಷಿಪಣಿಗಳನ್ನು ಹುಡುಕಲು ಹಾರಿದ ಕ್ಯಾಮರಾ ಪಶ್ಚಿಮ ಏಷ್ಯದ ಹಳೆಯ ಊರುದಿಬ್ಬಗಳನ್ನೂ ದಾರಿಗಳನ್ನೂ ಪುರಾತತ್ವಜ್ಞರಿಗೆ ಒದಗಿಸಿದೆ. ಮುಳುಗಡೆಗೆ ಮುಂಚಿನ ಮಲಪ್ರಭಾ ಕಣಿವೆಯನ್ನು ಹುಡುಕುವವರು ತಡಕಬೇಕಾದ ಭಂಡಾರ ಅದು.

ಮುಳುಗಡೆಯ ಪರಿಣಾಮ ನೀರಿನ ಅಂಚಿಗೆ ನಿಲ್ಲುವುದಿಲ್ಲ. ಎತ್ತಂಗಡಿಯಾದ ಊರುಗಳಿಗೆ ನೆಲ ಬೇಕು, ಕಾಲುವೆಗೆ ದಾರಿ ಬೇಕು, ಒಡ್ಡಿಗೆ ಕಲ್ಲು ಬೇಕು. ಅಣೆಕಟ್ಟಿನ ಕೆಳಗೆ ವರ್ಷದ ಬಹುಕಾಲ ನೀರು ಕಾಣದ ನದಿಯ ಪಾತ್ರಕ್ಕೆ ಹೊಲಗಳು ಇಳಿದು ಬಂದವು. 2019ರ ಆಗಸ್ಟ್ ನೆರೆಯಲ್ಲಿ ಮುನವಳ್ಳಿಯಿಂದ ರಾಮದುರ್ಗದವರೆಗಿನ ಊರುಗಳಿಗೆ ನೀರು ನುಗ್ಗಿದಾಗ ನದಿ ತನ್ನ ಹಳೆಯ ಅಂಚನ್ನು ತಾನೇ ಬರೆದು ತೋರಿಸಿತು. ದಂಡೆಯ ಹಳೆಯ ಹೊಲಗಳ ಹೆಸರುಗಳನ್ನು ಸಂಗ್ರಹಿಸಿಟ್ಟಿದ್ದರೆ ಆ ಅಂಚನ್ನು ನೆರೆಗೆ ಮುಂಚೆಯೇ ಗುರುತಿಸಲು ಅವಕಾಶವಿತ್ತು.

ಸ್ವಾಮಿತ್ವ ಯೋಜನೆಯಡಿ 2020ರಿಂದ ಡ್ರೋನುಗಳು ಹಳ್ಳಿಗಳ ಮೇಲೆ ಹಾರುತ್ತಿವೆ. ಆದರೆ ಅವುಗಳ ವ್ಯಾಪ್ತಿ ಮನೆಗಳಿರುವ ಗ್ರಾಮಠಾಣಾಕ್ಕೆ ಸೀಮಿತ. ಮಡ್ಡಿ, ಗಾಯರಾಣ, ಕೊಳ್ಳಗಳು ಅದರಾಚೆಗೆ ಉಳಿಯುತ್ತವೆ. ಮುಳುಗಿದ ಹೊಲಗಳಂತೂ ಯಾವ ಡ್ರೋನಿಗೂ ಸಿಗುವುದಿಲ್ಲ. ಬರಗಾಲದ ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ ಹಳೆಯ ಗೋಡೆಗಳ ತಳಪಾಯ, ಹೊಲಗಳ ಬದು ಮೇಲೆ ಬರುತ್ತವೆ. 1972ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಹಿಗ್ಗಿಸಿದ ಹಳೆಯ ಚಿತ್ರವೊಂದನ್ನು ಅವರ ಮುಂದೆ ಹಾಸಿ, ಇದು ಯಾವ ಹಳ್ಳ, ಇದು ಯಾರ ಪಟ್ಟಿ, ಈ ಮರದ ಬುಡದಲ್ಲಿ ಯಾವ ದೇವರು ಎಂದು ಕೇಳಿ ಬರೆದುಕೊಳ್ಳುವ ಕ್ಷೇತ್ರಕಾರ್ಯಕ್ಕೆ ವಿಮಾನವೂ ಬೇಡ, ದುಬಾರಿ ಉಪಕರಣವೂ ಬೇಡ. ಸ್ನಾತಕೋತ್ತರ ತರಗತಿಯ ನಾಲ್ವರು ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಎರಡು ಮೂರು ಊರುಗಳ ಹೆಸರುಗಳನ್ನು ಸಂಗ್ರಹಿಸಬಲ್ಲರು.